ಮಂಗಳವಾರ, ಜನವರಿ 1, 1980

ತುಮಕೂರು ಬಸ್‌ಸ್ಟ್ಯಾಂಡಿನ ಸುತ್ತಮುತ್ತಲ ಜೆರಾಕ್ಸ್ ಅಂಗಡಿಗಳಲ್ಲಿ ಒಂದಾದರೂ ಇನ್ನೂ 1980ರಲ್ಲೇ ಇರುತ್ತದೆ. ಅರ್ಜಿ ಟೈಪು ಮಾಡಿಸಿ ಪ್ರಿಂಟು ಕೈಗೆ ಬಂದಾಗ ಮೂಲೆಯಲ್ಲಿ 01-01-1980 ಎಂದು ಬಿದ್ದಿರುತ್ತದೆ. ಕೇಳಿದರೆ, "ಅದು ಹಂಗೇ ಬರ್ತೈತೆ ಸಾರ್, ಪೆನ್ನಲ್ಲಿ ತಿದ್ಕಳಿ" ಅನ್ನುತ್ತಾರೆ, ಪೆನ್ನು ಕೊಡುವುದಿಲ್ಲ. ಕಂಪ್ಯೂಟರಿನೊಳಗಿನ ಗಡಿಯಾರವನ್ನು ನಡೆಸುವ ಬಿಲ್ಲೆಯಂಥ ಸೆಲ್ಲು ಸತ್ತಿರುತ್ತದೆ, ಅಷ್ಟೇ. ಅದೇ ಯಂತ್ರದಲ್ಲಿ ಪಹಣಿ ತೆಗೆಯಲು ಹೋದರೆ ಬ್ರೌಸರು ಒಪ್ಪುವುದಿಲ್ಲ. ವೆಬ್‌ಸೈಟಿನ ಪ್ರಮಾಣಪತ್ರ ಜಾರಿಗೆ ಬರುವುದಕ್ಕೆ ಯಂತ್ರದ ಲೆಕ್ಕದಲ್ಲಿ ಇನ್ನೂ ನಲವತ್ತು ಚಿಲ್ಲರೆ ವರ್ಷ ಬಾಕಿ. ಅಂಗಡಿಯವರು ಅದನ್ನು "ಸರ್ವರ್ ಡೌನು, ಸಂಜೆ ಬನ್ನಿ" ಎಂದು ಅನುವಾದಿಸುತ್ತಾರೆ. ಪಾಪ ಸರ್ವರು, ಮಾಡದ ತಪ್ಪಿಗೆ ಊರೆಲ್ಲ ಬೈಸಿಕೊಳ್ಳುತ್ತದೆ.

1980ರ ಜನವರಿ 1 ಮಂಗಳವಾರ. ನಮ್ಮ ಕಡೆ ಮಂಗಳವಾರ ಹೊಸ ಕೆಲಸಕ್ಕೆ ಕೈ ಹಾಕುವವರು ಕಡಿಮೆ. ಡಾಸ್, ಅಂದರೆ ವಿಂಡೋಸ್‌ಗಿಂತ ಹಿಂದಿನ ಆಪರೇಟಿಂಗ್ ಸಿಸ್ಟಂ, ಅದರ ವಂಶದ ಕಂಪ್ಯೂಟರುಗಳ ಕಾಲವೆಲ್ಲ ಶುರುವಾಗುವುದು ಆ ಮಂಗಳವಾರದಿಂದಲೇ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನಲ್ಲಿದ್ದ ಟಿಮ್ ಪ್ಯಾಟರ್ಸನ್ ಡಾಸ್‌ನ ಮೂಲರೂಪ ಬರೆದದ್ದು 1980ರಲ್ಲಿ. ಡಾಸ್ ಒಂದು ಫೈಲಿನ ತಾರೀಖಿಗೆ ಇಟ್ಟ ಜಾಗ ಬರೇ 16 ಬಿಟ್ (ಒಂದೊಂದು ಬಿಟ್ಟಿನಲ್ಲಿ ಹಿಡಿಸುವುದು 0 ಅಥವಾ 1 ಮಾತ್ರ): ವರ್ಷಕ್ಕೆ 7, ತಿಂಗಳಿಗೆ 4, ದಿನಕ್ಕೆ 5. ಏಳು ಬಿಟ್ಟಿನಲ್ಲಿ 0ಯಿಂದ 127ರವರೆಗೆ ಎಣಿಸಬಹುದು, ಹಾಗಾಗಿ 1980ರಿಂದ 2107ರವರೆಗೆ ಚಿಂತೆಯಿಲ್ಲ. ಸಮಯಕ್ಕೂ 16 ಬಿಟ್ಟೇ. ಗಂಟೆಗೆ 5, ನಿಮಿಷಕ್ಕೆ 6 ಹೋದರೆ ಸೆಕೆಂಡಿಗೆ ಉಳಿದದ್ದು 5. ಅದರಲ್ಲಿ 32 ಸಂಖ್ಯೆ ಹಿಡಿಸುತ್ತವೆ, ಸೆಕೆಂಡುಗಳು 60. ಸರಿ, ಎರಡೆರಡು ಸೆಕೆಂಡಿಗೆ ಒಂದು ಗುರುತು ಹಾಕಿದರು. ಬೆಸ ಸೆಕೆಂಡಿನಲ್ಲಿ ಸೇವ್ ಆದ ಫೈಲು ಡಾಸ್‌ನಲ್ಲಿ ಒಂದೂ ಇಲ್ಲ. ಫ್ಯಾಟ್32 ಎಂಬ ಫಾರ್ಮ್ಯಾಟಿನ ಪೆನ್‌ಡ್ರೈವಿನಲ್ಲಿ ಫೈಲು ತಿದ್ದಿದ ಹೊತ್ತು ಬರೆದುಕೊಳ್ಳುವ ಕ್ರಮ ಇವತ್ತಿಗೂ ಅದೇ.

1981ರ ಆಗಸ್ಟಿನಲ್ಲಿ ಬಂದ ಐಬಿಎಂನ ಮೊದಲ ಪಿಸಿ, ಮಾದರಿ 5150, ಕರೆಂಟು ಹೋದರೆ ಕಾಲವನ್ನೂ ಮರೆಯುತ್ತಿತ್ತು. ಅದರಲ್ಲಿ ಬ್ಯಾಟರಿ ಗಡಿಯಾರ ಇರಲೇ ಇಲ್ಲ. ಆನ್ ಮಾಡಿದಾಗಲೆಲ್ಲ ತಾರೀಖು ಎಷ್ಟು, ಗಂಟೆ ಎಷ್ಟು ಎಂದು ಕೇಳುತ್ತಿತ್ತು. ಎಂಟರ್ ಒತ್ತಿ, ಮತ್ತೆ ಎಂಟರ್ ಒತ್ತಿದರೆ ಮಂಗಳವಾರಕ್ಕೇ ಕೆಲಸ ಶುರು.

ಆನ್ ಆದ ಮೇಲೆ ಅದು ಕಾಲ ಎಣಿಸುತ್ತಿದ್ದ ಬಗೆ ಇನ್ನೂ ಸೊಗಸು. ಅದರ ಬೋರ್ಡಿನಲ್ಲಿದ್ದದ್ದು 14.31818 ಮೆಗಾಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಅಷ್ಟು ದಶಲಕ್ಷ ಸಲ ಮಿಡಿಯುವ ಕ್ರಿಸ್ಟಲ್. ಇಂಥ ವಕ್ರ ಸಂಖ್ಯೆ ಯಾಕೆ ಅಂದರೆ, ಅದು ಅಮೆರಿಕದ ಬಣ್ಣದ ಟೀವಿಯ ಲೆಕ್ಕ. ಅಲ್ಲಿನ ಟೀವಿಗಳು ಬಣ್ಣಕ್ಕೆ ಬಳಸುತ್ತಿದ್ದ 3.579545ರ ನಾಲ್ಕು ಪಟ್ಟು. ಟೀವಿಯನ್ನೇ ಪರದೆ ಮಾಡಿಕೊಳ್ಳಬಹುದು, ಒಂದೇ ಕ್ರಿಸ್ಟಲಿನಲ್ಲಿ ಎಲ್ಲ ಮುಗಿಯುತ್ತದೆ. ಅದನ್ನು 3ರಿಂದ ಭಾಗಿಸಿ 4.77 ಅನ್ನು 8088 ಪ್ರೊಸೆಸರಿಗೆ ಕೊಟ್ಟರು. ಅದು 5ರಲ್ಲಿ ಓಡಬಲ್ಲ ಎತ್ತು, ಟೀವಿಯ ಮುಲಾಜಿಗೆ ನಡಿಗೆ ತಗ್ಗಿಸಿಕೊಂಡಿತು. 12ರಿಂದ ಭಾಗಿಸಿ 1.193 ಅನ್ನು ಟೈಮರಿಗೆ ಕೊಟ್ಟರು. ಟೈಮರು 65,536 ಎಣಿಸಿ ಒಂದು ಟಿಕ್ ಹೊಡೆಯುತ್ತದೆ. ಹಾಗೆ ಸೆಕೆಂಡಿಗೆ 18.2 ಟಿಕ್! ನಮ್ಮ ದೇಶದ ಟೀವಿಗೆ ಪಾಲ್ ಪದ್ಧತಿ, ಅದರ ಸಂಖ್ಯೆ 4.43, ಈ 3.58ಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಇಲ್ಲಿಗೆ ಬಂದ ಪಿಸಿಗಳೂ ಅಮೆರಿಕದ ಟೀವಿಯ ತಾಳಕ್ಕೇ ಟಿಕ್ ಅಂದವು.

ದಿನಕ್ಕೆ 15,73,040 ಟಿಕ್ ಆದರೆ ಮಧ್ಯರಾತ್ರಿ. ಆಗ ಬಯಾಸ್ (ಬೋರ್ಡಿನಲ್ಲೇ ಕೂತು ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಮು) ಲೆಕ್ಕವನ್ನು ಸೊನ್ನೆಗೆ ತಂದು, ರಾತ್ರಿ ಕಳೆಯಿತು ಎಂದು ಒಂದು ಗುರುತು ಇಡುತ್ತದೆ. ಗುರುತು ಇದೆ ಅಥವಾ ಇಲ್ಲ, ಅಷ್ಟೇ. ಎಷ್ಟು ರಾತ್ರಿ ಎಂಬ ಎಣಿಕೆ ಇಲ್ಲ. ಮುಂದೆ ಯಾವುದಾದರೂ ಪ್ರೋಗ್ರಾಮು ಸಮಯ ಕೇಳಿದಾಗ ಡಾಸ್ ಆ ಗುರುತು ನೋಡಿ ಒಂದು ದಿನ ಮುಂದೆ ಹಾಕುತ್ತದೆ. ಶನಿವಾರ ಸಂಜೆ ಗುಮಾಸ್ತ ಯಂತ್ರ ಆರಿಸದೆ ಮನೆಗೆ ಹೋದ ಅಂದುಕೊಳ್ಳಿ. ನಡುವೆ ಯಾರೂ ಸಮಯ ಕೇಳಲಿಲ್ಲ. ಎರಡು ಮಧ್ಯರಾತ್ರಿ ಕಳೆದರೂ ಗುರುತು ಒಂದೇ. ಸೋಮವಾರ ಬೆಳಿಗ್ಗೆ ಯಂತ್ರ ಭಾನುವಾರ ಅನ್ನುತ್ತದೆ. ರಜೆಯ ಮೇಲೆ ಇಷ್ಟು ಪ್ರೀತಿ ಇನ್ಯಾವ ಯಂತ್ರಕ್ಕೂ ಇದ್ದಂತಿಲ್ಲ.

ಕರೆಂಟು ಹೋದರೆ ಕಾಲ ಮರೆಯುವ ರೋಗಕ್ಕೆ ಐಬಿಎಂನದೇ 1984ರ ಪಿಸಿ/ಎಟಿಯಲ್ಲಿ ಮದ್ದು ಸಿಕ್ಕಿತು: ಮೊಟೊರೊಲಾ ಎಂಸಿ146818 ಚಿಪ್ಪು, ಜೊತೆಗೊಂದು ಬ್ಯಾಟರಿ. ಅದರ 64 ಬೈಟಿನಲ್ಲಿ 14 ಗಡಿಯಾರಕ್ಕೆ, ಮಿಕ್ಕ 50 ಯಂತ್ರದ ಸೆಟ್ಟಿಂಗಿಗೆ. ಆಮೇಲಿನ ಕೆಲವರು ಬೋರ್ಡಿಗೇ ಬೆಸುಗೆ ಹಾಕಿದ ಪೀಪಾಯಿಯಂಥ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇಟ್ಟರು. ಅದು ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಸೋರುವುದು ಕ್ಷಾರ, ಹಾಗಾಗಿ ಮೊದಲು ವಿನೆಗರ್ ಅಥವಾ ನಿಂಬೆರಸದಲ್ಲಿ ಉಜ್ಜಿ, ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬೇಕು. ತುಮಕೂರಿನವರೆಂದು ಹುಣಸೆರಸಕ್ಕೆ ಕೈ ಹಾಕಬೇಡಿ, ಆ ಅಂಟು ತೆಗೆಯುವುದು ಇನ್ನೊಂದು ರಗಳೆ. ಡಲ್ಲಾಸ್ ಕಂಪನಿಯವರಂತೂ ಡಿಎಸ್1287ರಲ್ಲಿ ಬ್ಯಾಟರಿ, ಕ್ರಿಸ್ಟಲ್ ಎರಡನ್ನೂ ಕಪ್ಪು ಎಪಾಕ್ಸಿಯೊಳಗೆ ಹೂತುಬಿಟ್ಟರು. ಹತ್ತು ವರ್ಷದ ಮೇಲೆ ಬ್ಯಾಟರಿ ಸತ್ತರೆ ಚಿಪ್ಪನ್ನೇ ಬದಲಾಯಿಸಬೇಕು, ಇಲ್ಲವೇ ಅರದಲ್ಲಿ ಕೊರೆಯಬೇಕು. ಹೀಗೆ ಮಾಡಿದವರನ್ನು ಬುದ್ಧಿವಂತರೆಂದು ಕರೆಯುವುದು ಕಷ್ಟ.

ಆ ಗಡಿಯಾರದ ಕ್ರಿಸ್ಟಲ್ ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು. ಕ್ವಾರ್ಟ್ಜ್ ಕೈಗಡಿಯಾರದಲ್ಲಿರುವುದೂ ಇದೇ. ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇದ್ದ ಊರಿದು, ಅಲ್ಲಿ ಕ್ವಾರ್ಟ್ಜ್ ವಾಚುಗಳೂ ತಯಾರಾದವು. ಫ್ಯಾಕ್ಟರಿ ಮುಚ್ಚಿತು, ಜಾಗ ಇಸ್ರೋ ಪಾಲಾಯಿತು. ಗಡಿಯಾರದ ಊರಿನಲ್ಲಿ ಕಂಪ್ಯೂಟರುಗಳಿಗೆ ಗಂಟೆ ಗೊತ್ತಿಲ್ಲ. ಒಂದೇ ಕ್ರಿಸ್ಟಲ್ ಆದರೂ ಕೈಯಲ್ಲಿ ಸರಿಯಾಗಿ ಓಡಿ ಡಬ್ಬದಲ್ಲಿ ತಪ್ಪುವುದಕ್ಕೆ ಕಾರಣ ಸೆಕೆ. ಇದನ್ನು 25 ಡಿಗ್ರಿಗೆ ಹದ ಮಾಡಿರುತ್ತಾರೆ. ಬಿಸಿಯಾದರೂ ತಣ್ಣಗಾದರೂ ಅದು ನಿಧಾನವೇ ಆಗುತ್ತದೆ, ಚುರುಕಾಗುವುದಿಲ್ಲ. ಮೈಯ ಬಿಸುಪು ವಾಚನ್ನು ಹೆಚ್ಚುಕಡಿಮೆ ಒಂದೇ ಹದದಲ್ಲಿಡುತ್ತದೆ. ಏಪ್ರಿಲ್‌ನಲ್ಲಿ ಅಂಗಡಿಯ ಕ್ಯಾಬಿನೆಟ್ಟಿನೊಳಗೆ 45 ಡಿಗ್ರಿ ಮುಟ್ಟಿದರೆ ದಿನಕ್ಕೆ ಸುಮಾರು 1.2 ಸೆಕೆಂಡು, ತಿಂಗಳಿಗೆ ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ.

ಅದು ಹೋಗಲಿ, ಅರ್ಧ ನಿಮಿಷವನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಆ ಸೆಲ್ಲು. ಸಿಆರ್2032: ಅಗಲ 20 ಮಿಲಿಮೀಟರ್, ದಪ್ಪ 3.2, ಹೆಸರಿನಲ್ಲೇ ಅಳತೆ ಇದೆ. ಬೊಂಬೆಗಳಿಗೆಂದು ಕ್ಯಾತಸಂದ್ರದ ತಟ್ಟೆ ಇಡ್ಲಿ ಮಾಡಿದಂತೆ ಕಾಣುತ್ತದೆ. ಪ್ಲಗ್ಗಿನಲ್ಲಿ ಕರೆಂಟು ಇರುವಷ್ಟು ಹೊತ್ತು, ಯಂತ್ರ ಆರಿಸಿದ್ದರೂ, ಗಡಿಯಾರ ನಡೆಯುವುದು ಗೋಡೆಯ ಕರೆಂಟಿನಲ್ಲಿ. ನಮ್ಮ ಅಂಗಡಿಯವರು ರಾತ್ರಿ ಮೇನ್ ಸ್ವಿಚ್ಚು ಆರಿಸಿ ಹೋಗುತ್ತಾರೆ, ಗಡಿಯಾರದ ಹೊರೆಯೆಲ್ಲ ಸೆಲ್ಲಿನ ಮೇಲೆ ಬೀಳುತ್ತದೆ. ಪಾನ್ ಅಂಗಡಿಗೆ ದಿನಕ್ಕೆ ನಾಲ್ಕು ಸಲ ಹೋಗುವವರಿಗೆ ಒಂದು ಸೆಲ್ಲು ತರಲು ವರ್ಷ ಸಾಲುವುದಿಲ್ಲ. ಅಲ್ಲಿಯವರೆಗೆ ಆನ್ ಮಾಡಿದಾಗಲೆಲ್ಲ ಯಂತ್ರ, ತಾರೀಖು ಸರಿಯಿಲ್ಲ, ಮುಂದುವರಿಯಲು ಎಫ್1 ಒತ್ತಿ ಅನ್ನುತ್ತದೆ, ಅಂಗಡಿಯ ಹುಡುಗ ಒತ್ತುತ್ತಾನೆ.

ಬದಲಾಯಿಸುವುದು ಐದು ನಿಮಿಷದ ಕೆಲಸ. ಪ್ಲಗ್ಗು ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಉಳಿದ ಕರೆಂಟು ಇಳಿಸಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಕ್ಲಿಪ್ಪು ಸರಿಸಿದರೆ ಸೆಲ್ಲು ಜಿಗಿದು ಬರುತ್ತದೆ. ಹೊಸದು ಮಲ್ಟಿಮೀಟರಿನಲ್ಲಿ 3 ವೋಲ್ಟಿಗಿಂತ ಕೊಂಚ ಮೇಲೆ ತೋರಬೇಕು, 2.7 ತೋರಿದರೆ ಅಂಗಡಿಗೇ ವಾಪಸ್ಸು. ಪ್ಲಸ್ ಗುರುತು ಮೇಲೆ. ಬೆರಳಿನ ಎಣ್ಣೆ ಪ್ಲಸ್ಸು ಮೈನಸ್ಸಿನ ಅಂಚಿಗೆ ಮೆತ್ತಿದರೆ ಅದರ ಮೂಲಕವೂ ಕರೆಂಟು ಸೋರುತ್ತದೆ, ಬಟ್ಟೆಯಲ್ಲಿ ಹಿಡಿಯಿರಿ. ಹಾಕಿದ ಮೇಲೆ ಬಯಾಸಿಗೆ ಹೋಗಿ ತಾರೀಖಿನ ಜೊತೆಗೆ ಸಾಟಾ ಮೋಡನ್ನೂ, ಅಂದರೆ ಯಂತ್ರ ಹಾರ್ಡ್‌ಡಿಸ್ಕಿನ ಜೊತೆ ಮಾತಾಡುವ ಬಗೆಯ ಸೆಟ್ಟಿಂಗನ್ನೂ ನೋಡಬೇಕು. ಅದು ಮೊದಲಿದ್ದಂತೆ ಇಲ್ಲದಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ, "ಸೆಲ್ ಹಾಕಿದ್ಮೇಲೇ ಕೆಟ್ಟೋಯ್ತು" ಎಂಬ ದೂರು ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಮರುದಿನ ಬೆಳಿಗ್ಗೆ ಹುಡುಗ ಯಂತ್ರ ಆನ್ ಮಾಡಿ, ಪರದೆ ನೋಡುವ ಮೊದಲೇ ಎಫ್1 ಒತ್ತಿರುತ್ತಾನೆ.