ಪ್ಲಾಸ್ಟಿಕ್ ಹುಲ್ಲು, ಕಲ್ಲಿನ ಜಂತಿ

ಅಮೀನಗಡದಿಂದ ಐಹೊಳೆಗೆ ಹೋಗುವಾಗ ದಾರಿಯಲ್ಲಿ ಊಟಕ್ಕೆ ನಿಂತೆವು. ಗುಡಿಸಲಿನಂಥ ಹೋಟೆಲು. ಕಂಬ ಮುಟ್ಟಿದರೆ ಸಿಮೆಂಟು. ಮರದ ಗಂಟುಗಳನ್ನೂ ಬಣ್ಣದಲ್ಲಿ ಬರೆದಿದ್ದರು. ಮೇಲೆ ಪ್ಲಾಸ್ಟಿಕ್ ಹುಲ್ಲು, ಅದರಡಿ ತಗಡು. ಆ ತಗಡೋ, ಮಧ್ಯಾಹ್ನದ ಬಿಸಿಲಿಗೆ ರೊಟ್ಟಿ ಹಂಚಿನ ಹಾಗೆ ಕಾದಿತ್ತು.

"ಖರೇ ಹುಲ್ಲು ಯಾಕ ಹಾಕಿಲ್ಲೋ ತಮ್ಮಾ?"

"ಕಸ ಉದರತೈತ್ರೀ ಸರ."

ಕಬ್ಬು ಕಡಿಯಲು ಬಂದವರು ಹೊಲದ ಬದಿಗೆ ರವದಿ ಹೊದಿಸಿ ಗುಡಿಸಲು ಕಟ್ಟಿಕೊಳ್ಳುತ್ತಾರಲ್ಲ, ಅದರ ಮುಂದೆ ಯಾರೂ ಸೆಲ್ಫಿ ತೆಗೆಯುವುದಿಲ್ಲ. ಇಲ್ಲಿ ಮಾತ್ರ ಸಾಲು. ಬಿಲ್ಲಿನಲ್ಲಿ ಹಳ್ಳಿ ವಾತಾವರಣದ ರೊಕ್ಕವೂ ಸೇರಿರಬೇಕು, ಸುಮ್ನೆ ಅಷ್ಟು ಜಾಸ್ತಿ ಆಗಲ್ಲ.

ಅದೇ ಸಿಟ್ಟಿನಲ್ಲಿ ಐಹೊಳೆಯ ಹಳೇ ಕಲ್ಲಿನ ದೇವಸ್ಥಾನ ಲಾಡಖಾನ ಗುಡಿಗೆ ಹೋದರೆ, ಅಲ್ಲೂ ನಕಲೇ! ಇಳಿಜಾರು ಮಾಡಿನ ತುಂಬ ಹಾಸುಗಲ್ಲು. ಕಲ್ಲು ಕಲ್ಲು ಕೂಡುವಲ್ಲಿ ಉದ್ದುದ್ದ ಕಲ್ಲಿನ ಪಟ್ಟಿ, ಥೇಟ್ ಮರದ ಜಂತಿ ಮಲಗಿಸಿದಂತೆ. ಮರದಲ್ಲಿ ಕಟ್ಟುತ್ತಿದ್ದ ಕಟ್ಟಡದ ರೂಪವೇ ಕಲ್ಲಿಗೆ ಬಂದಿದೆ ಅಂತಾರೆ ಬಲ್ಲವರು. ಮೊದಲು ಇದನ್ನು 5ನೇ ಶತಮಾನದ್ದು ಅಂತಿದ್ದರು. ಆಮೇಲೆ 7ನೇ ಶತಮಾನದ ಕೊನೆಗೋ 8ನೆಯದಕ್ಕೋ ಇಳಿಸಿದರು. ಇಳಿಸಿದರೂ ಹೋಟೆಲಿಗಿಂತ ಹಳೆಯದು, ಬಿಡಿ.

ಆದರೆ ಆ ಪಟ್ಟಿಗೆ ಕೆಲಸವಿದೆ. ಸಂದಿಯಲ್ಲಿ ನೀರು ಇಳಿಯದಂತೆ ಮುಚ್ಚುತ್ತದೆ. ನಕಲಾದರೂ ದುಡಿಯುತ್ತದೆ. ಪ್ಲಾಸ್ಟಿಕ್ ಹುಲ್ಲು ಏನು ಮಾಡುತ್ತದೆ ಹೇಳಿ? ಈ ವಾದವನ್ನು ಇನ್ನಷ್ಟು ಗಟ್ಟಿ ಮಾಡಿ ಹೋಟೆಲಿನವರಿಗೆ ಒಪ್ಪಿಸಬೇಕು ಅಂತ ಕಟ್ಟೆ ಮೇಲೆ ಕೂತೆ. ಅಷ್ಟರಲ್ಲಿ ಲಾಡಖಾನ ತಲೆಗೆ ಹೊಕ್ಕ.

ಅವನು ಈ ಗುಡಿಯಲ್ಲೇ ವಾಸವಾಗಿದ್ದನಂತೆ, ಹೆಸರು ಉಳಿದದ್ದೂ ಹಾಗೆಯೇ. ಸರಿ, ಇದ್ದ. ಒಲೆ ಎಲ್ಲಿ ಹೂಡಿದ? ನಟ್ಟನಡುವೆ ನಂದಿ ಕೂತಿದೆ, ಸುತ್ತ ಕಂಬಗಳ ಕಾಡು. ಹಾಸಿಗೆ ಯಾವ ಸಾಲಿನಲ್ಲಿ ಹಾಸಿದ? ಹೊಗೆ ಹೋಗಲು ಕಲ್ಲಿನ ಜಾಲರಿ ಕಿಟಕಿಗಳಿವೆ, ಆದರೆ ಚಳಿಗಾಲದಲ್ಲಿ ಗಾಳಿಯೂ ಅಲ್ಲಿಂದಲೇ ಬರುತ್ತದಲ್ವಾ? ಮಾಡಿನ ಮೇಲಿನ ಗುಡಿಗೆ ಹತ್ತಲು ಕಲ್ಲಿನ ಏಣಿ ಇದೆ. ಅಷ್ಟು ದೊಡ್ಡ ಮಾಡು, ಹಪ್ಪಳ ಸಂಡಿಗೆ ಒಣಹಾಕಲು ನಮ್ಮ ಮಾಳಿಗೆಗಿಂತ ಚೆನ್ನ. ಮನೆಯವರು ಯಾರಾದರೂ ಹತ್ತುತ್ತಿದ್ದರೋ ಏನೋ. ಮುಖ್ಯವಾಗಿ, ಮಳೆಗಾಲದಲ್ಲಿ ಅವನ ಹಾಸಿಗೆ ಒಣಗಿಯೇ ಇರುತ್ತಿತ್ತಾ? ನನ್ನ ಇಡೀ ವಾದ ನಿಂತಿದ್ದು ಅದರ ಮೇಲೆ.

ಕಾವಲುಗಾರನನ್ನು ಕೇಳಿದೆ, "ಯಜಮಾನ್ರ, ಮಳಿ ಬಂದ್ರ ಇದು ಸೋರತೈತೇನ್ರೀ?"

"ಏನ್ ಗೊತ್ತ್ರೀ," ಅಂದ. "ಮಳಿ ಬಂದ್ರ ನಾ ಆ ತಗಡಿನ ಶೆಡ್ಡಿಗೆ ಓಡಿ ಹೋಗಿರ್ತೇನಿ."