ಆ ರಜೆ ಎಲ್ಲರಿಗೂ ರಜೆಯಾಗಿರಲಿಲ್ಲ

ಮಾರ್ಚ್ ಬಂತೆಂದರೆ ಫೇಸ್‌ಬುಕ್ಕಿನಲ್ಲಿ ಕೊರೊನಾ ಲಾಕ್‌ಡೌನಿನ ಹಳೆಯ ಫೋಟೊಗಳು ಮೇಲೆದ್ದು ಬರುತ್ತವೆ. ಜನತಾ ಕರ್ಫ್ಯೂ ದಿನ ತಟ್ಟೆ ಬಡಿದದ್ದು, ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೀಪ ಹಚ್ಚಿದ್ದು, ಮನೆಯಲ್ಲೇ ಮಾಡಿದ ಪಾನಿಪುರಿ, ಕುಕ್ಕರಿನಲ್ಲಿ ಬೇಯಿಸಿದ ಕೇಕು. ಕೆಳಗೆ ಹತ್ತಾರು ಜನರದು ಒಂದೇ ಮಾತು: "ಏನೇ ಅನ್ನಿ, ಆ ದಿನಗಳೇ ಚೆನ್ನಾಗಿದ್ದವು." ಈ ಮಾತಿಗೆ ಲೈಕ್ ಒತ್ತಲು ನನಗೆ ಮನಸ್ಸು ಬರುವುದಿಲ್ಲ. ಸಿಟ್ಟು ಮಾಡಿಕೊಂಡು ಮುಂದೆ ಹೋಗಲೂ ಆಗುವುದಿಲ್ಲ. ನನ್ನ ಮನೆಯೊಳಗೆ ಆ ದಿನಗಳು ನಿಜವಾಗಿಯೂ ಚೆನ್ನಾಗಿದ್ದವು. ನಾನು ಪಾಠ ಹೇಳುವ ಊರಿನಲ್ಲಿ ಚೆನ್ನಾಗಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಸಾವಕಾಶ ಓದಿ.

ಮೊದಲು ಮನೆಯ ಮಾತು. ನಾವಿರುವುದು ರಾಣೆಬೆನ್ನೂರಿನಲ್ಲಿ. ನಮ್ಮ ಮನೆಯವರು ಬೀಜದ ಕಂಪನಿಯೊಂದರಲ್ಲಿದ್ದಾರೆ. ಅವರದು ಊರೂರು ತಿರುಗುವ ಕೆಲಸ, ಶನಿವಾರ ರಾತ್ರಿ ಬಂದರೆ ಸೋಮವಾರ ಬೆಳಿಗ್ಗೆ ಮತ್ತೆ ಬ್ಯಾಗು ಹೆಗಲಿಗೆ. ಮಗ ಅಪ್ಪನನ್ನು ನೋಡುತ್ತಿದ್ದದ್ದೇ ಹೆಚ್ಚಾಗಿ ಫೋನಿನಲ್ಲಿ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಟಿವಿಯಲ್ಲಿ ಪ್ರಧಾನಿ 21 ದಿನ ಲಾಕ್‌ಡೌನ್ ಎಂದಾಗ ಎಲ್ಲರಿಗೂ ಹೆದರಿಕೆಯೇ ಆಗಿತ್ತು. ದೇಶದಲ್ಲಿ ಈ ರೋಗಕ್ಕೆ ಮೊದಲು ಜೀವ ಹೋದದ್ದೇ ನಮ್ಮ ರಾಜ್ಯದ ಕಲಬುರಗಿಯಲ್ಲಿ, ಅದಿನ್ನೂ ಎಲ್ಲರ ಬಾಯಲ್ಲಿತ್ತು. ಆದರೆ ವಾರ ಕಳೆಯುವಷ್ಟರಲ್ಲಿ ಮನೆಗೆ ಒಂದು ಹೊಸ ಲಯ ಸಿಕ್ಕಿತು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಿದ್ದೆವು. ಮೊದಲು ಅದು ಹಬ್ಬದ ದಿನ ಮಾತ್ರ ಆಗುತ್ತಿದ್ದದ್ದು. ಸಂಜೆ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ಹುಣಸೆಬೀಜ ಒಡೆದು ದಾಳ ಮಾಡಿಕೊಟ್ಟವರು ನಮ್ಮ ಅತ್ತೆ.

ಅತ್ತೆಯನ್ನು ನಾನು ಸರಿಯಾಗಿ ಅರಿತದ್ದೇ ಆಗ. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಓಡಾಟದ ಮಾತುಗಳಷ್ಟೇ ಇದ್ದವು. ಹಾಲು ತಂದಿಯಾ, ಡಬ್ಬಿ ಕಟ್ಟಿದಿಯಾ, ಬಸ್ಸಿಗೆ ಹೊತ್ತಾತು, ಇಷ್ಟೇ. ಲಾಕ್‌ಡೌನಿನಲ್ಲಿ ಅವರು ರೊಟ್ಟಿ ಬಡಿಯುತ್ತ ಕೂತರೆ ನಾನು ಎದುರಿಗೆ ಕೂತು ಬೇಯಿಸುತ್ತಿದ್ದೆ. 72ರ ಬರದ ಕಥೆ ಹೇಳುತ್ತಿದ್ದರು. ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೆ ನೀರು ಕುಡಿದು ನುಂಗಿದ್ದು, ಕೆರೆ ಹೂಳೆತ್ತುವ ಕೂಲಿಗೆ ಅವರವ್ವನ ಜೊತೆ ಬುಟ್ಟಿ ಹೊತ್ತದ್ದು. ದಿನಾ ಹಿಟ್ಟು ನಾದುವ ಮುಂಚೆ ಒಂದು ಹಿಡಿ ಹಿಟ್ಟು ತೆಗೆದು ತಿರುಗಿ ಡಬ್ಬಿಗೆ ಹಾಕುತ್ತಿದ್ದರು. "ಯಾಕ್ರಿ ಅತ್ತಿ, ಹಿಟ್ಟು ಬೇಕಾದಷ್ಟು ಐತಲ್ಲ" ಅಂದರೆ, "ಇರಲಿ ಬಿಡವಾ, ನಾಳಿದ್ದು ಯಾರು ಕಂಡಾರ" ಅನ್ನುತ್ತಿದ್ದರು. 2022ರಲ್ಲಿ ಅತ್ತೆ ವಯಸ್ಸಿನಿಂದಲೇ ತೀರಿಕೊಂಡರು. ಆ ಎರಡು ವರ್ಷ ಇಲ್ಲದಿದ್ದರೆ ಅವರ ಬಗ್ಗೆ ನನ್ನ ಮಗನಿಗೆ ಹೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ಹಾಗಾಗಿ ಆ ದಿನಗಳನ್ನು ನೆನೆದು ಖುಷಿಪಡುವವರನ್ನು ನಾನು ಬೈಯಲಾರೆ. ಆದರೆ ಆ ನೆಮ್ಮದಿಗೆ ಆಧಾರ ಯಾವುದಿತ್ತು ಅನ್ನುವುದನ್ನು ಮರೆಯಲಾರೆ. ನಾನು ಸರ್ಕಾರಿ ಶಾಲೆಯ ಶಿಕ್ಷಕಿ, ತಿಂಗಳು ತಿಂಗಳು ಸಂಬಳ ಬರುತ್ತಿತ್ತು. ಅದೇ ಕಾಲದಲ್ಲಿ ನನ್ನ ಜೊತೆ ಡಿ.ಎಡ್. ಓದಿದ ಗೆಳತಿ, ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು, ಸಂಬಳ ನಿಂತು ಮೆಣಸಿನಗಿಡದ ಕಳೆ ತೆಗೆಯಲು ಹೋದಳು. ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಸರ್ಕಾರ ಐದು ಸಾವಿರ ರೂಪಾಯಿ ಪರಿಹಾರ ಘೋಷಿಸಿದ್ದು 2021ರ ಜೂನಿನಲ್ಲಿ. ಅಷ್ಟೊತ್ತಿಗೆ ಶಾಲೆ ಮುಚ್ಚಿ ವರ್ಷ ದಾಟಿತ್ತು. ಅವಳೂ ಮನೆಯಲ್ಲಿ ಮಕ್ಕಳ ಜೊತೆಯೇ ಇದ್ದಳು. "ಆ ದಿನಗಳೇ ಚೆನ್ನಾಗಿದ್ದವು" ಅಂತ ಅವಳ ಮುಂದೆ ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ಇನ್ನು ನನ್ನ ಶಾಲೆಯ ಊರು. ಹೆಸರು ಬೇಡ. ಆ ಊರಿನ ಗಂಡಾಳು ಹೆಣ್ಣಾಳು ಗೋವೆ, ಮಂಗಳೂರು, ಬೆಂಗಳೂರು, ಪುಣೆ ಅಂತ ದುಡಿಯಲು ಹೋಗುತ್ತಾರೆ, ಸುಗ್ಗಿಗೆ ಬರುತ್ತಾರೆ. ಲಾಕ್‌ಡೌನ್ ಆದ ಮೊದಲ ವಾರದಲ್ಲೇ ಊರ ದಾರಿಗೆ ಜಾಲಿಮುಳ್ಳು ಎಳೆದಿದ್ದರು. ಮೇ ತಿಂಗಳಲ್ಲಿ ಆ ಊರಿನದೇ ಮಕ್ಕಳು ಹೊರಗಿನಿಂದ ಬಂದಾಗ ಮುಳ್ಳಿನ ಆಚೆ ನಿಲ್ಲಬೇಕಾಯಿತು. ಬೆಂಗಳೂರಿನಿಂದ ಕೂಲಿಕಾರರನ್ನು ಕರೆದೊಯ್ಯಬೇಕಿದ್ದ ರೈಲುಗಳನ್ನು ರದ್ದು ಮಾಡಿ, ಎಲ್ಲ ಕಡೆಯಿಂದ ಛೀಮಾರಿ ಬಂದ ಮೇಲೆ ಮತ್ತೆ ಬಿಟ್ಟ ದಿನಗಳವು. ನಗರ ಕಟ್ಟಲು ಬೇಕಾದವರು, ಕೆಲಸ ನಿಂತ ಮೇಲೆ ನಗರಕ್ಕೂ ಬೇಡ ಊರಿಗೂ ಬೇಡ ಎಂಬಂತಾಗಿತ್ತು.

ಮಹಾರಾಷ್ಟ್ರದಿಂದ ಬಂದವರನ್ನು ಇರಿಸಲು ನಮ್ಮ ಶಾಲೆಯನ್ನೇ ಕ್ವಾರಂಟೈನ್ ಕೇಂದ್ರ ಮಾಡಿದರು. ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ಕೂರುವ ಕೆಲಸ ಶಿಕ್ಷಕರದು. ನನ್ನ ನಲಿ-ಕಲಿ ಕೋಣೆಯಲ್ಲಿ ಗೌಂಡಿ ಕೆಲಸದ ಒಂದು ಸಂಸಾರ ಇತ್ತು. ನಲಿ-ಕಲಿ ಕೋಣೆ ನೋಡದವರಿಗೆ ಹೇಳುತ್ತೇನೆ: ಒಂದರಿಂದ ಮೂರನೇ ತರಗತಿ ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತು ಕಾರ್ಡು ನೋಡುತ್ತ ಕಲಿಯುವ ಜಾಗ ಅದು. ತಲೆಯ ಮೇಲೆ ದಾರ ಕಟ್ಟಿ ಅಕ್ಷರ, ಚಿತ್ರ, ಮಕ್ಕಳು ಮಾಡಿದ ಕಾಗದದ ಹಕ್ಕಿಗಳನ್ನು ನೇತುಹಾಕಿರುತ್ತೇವೆ, ಕಲಿಕಾ ಚಪ್ಪರ ಅನ್ನುತ್ತೇವೆ. ಆ ಸಂಸಾರದಲ್ಲಿ ಆರು ವರ್ಷದ ಒಂದು ಹುಡುಗಿ ಇತ್ತು. ಶಾಲೆಯನ್ನು ಒಳಗಿನಿಂದ ಅದು ಕಂಡದ್ದು ಅದೇ ಮೊದಲು. ದಿನವೂ ಕಿಟಕಿಯ ಸರಳು ಹಿಡಿದು, ಹಿಂದೆ ತೂಗುವ ಚಿತ್ರ ತೋರಿಸಿ ಕೇಳುತ್ತಿತ್ತು, "ಅಕ್ಕೋರ, ಇದ್ಯಾವ ಹಕ್ಕಿ? ಅದರ ಬಾಜೂಕ ಬರದಿದ್ದೇನು?" ನಾನು ಅಂಗಳದಿಂದ ಕೂಗಿ ಹೇಳುತ್ತಿದ್ದೆ. ಹೋಗುವಷ್ಟರಲ್ಲಿ ಗಿಳಿ, ಬಸವ, ಅರಸ ಓದಲು ಕಲಿತಿತ್ತು. ಆಮೇಲೆ ಅವರ ಸಂಸಾರ ಮತ್ತೆ ದುಡಿಯಲು ಹೋಯಿತು. ಆ ಮಗು ಯಾವ ಶಾಲೆಗೆ ಸೇರಿತೋ, ಸೇರಿತೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಆನ್‌ಲೈನ್ ಪಾಠ ಅಂತ ಎಲ್ಲರೂ ಹೇಳುತ್ತಿದ್ದ ಕಾಲ. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು, ಅದೊಂದು ಆಸರೆಯಾಯಿತು, ಸುಳ್ಳಲ್ಲ. ಫೋನಿನ ಕಥೆ ಬೇರೆ. ಒಬ್ಬ ತಾಯಿ ಹೇಳಿದ್ದು ಇದು: "ಫೋನ್ ಐತ್ರಿ ಅಕ್ಕೋರ. ಆದ್ರ ಅದು ಅವರಪ್ಪನ ಕೂಡ ಹೊಲಕ್ಕ ಹೋಗತೈತ್ರಿ, ರಾತ್ರಿ ಬರತೈತಿ. ಅಷ್ಟೊತ್ತಿಗೆ ಹುಡುಗ ಮಲಗಿರತಾನ." 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಒಂದು ಫೋಟೊ ಎಲ್ಲ ಕಡೆ ಓಡಾಡಿತು, ನೆನಪಿರಬಹುದು. ಮಗಳು ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದಾಳೆ, ಅಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದಾನೆ. ಜನ ಆ ಅಪ್ಪನ ಪ್ರೀತಿಯನ್ನು ಹೊಗಳಿದರು. ಹೊಗಳಬೇಕಾದದ್ದೇ. ಆದರೆ ಒಂದು ಮಗು ಓದಲಿಕ್ಕೆ ಮಳೆಯಲ್ಲಿ ರಸ್ತೆಗೆ ಬರಬೇಕಾಯಿತಲ್ಲ, ಅದಕ್ಕೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

2020ರ ಆಗಸ್ಟಿನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ನಾವು ಬಸವಣ್ಣನ ಗುಡಿಯ ಕಟ್ಟೆ, ಬೇವಿನ ಮರದ ನೆರಳು, ಯಾರದೋ ಮನೆಯ ಪಡಸಾಲೆ ಹೀಗೆ ಸಿಕ್ಕಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದೆವು. ಕುಪ್ಪಸದ ಬಟ್ಟೆಯಲ್ಲಿ ಹೊಲಿದ ಮಾಸ್ಕು ಹಾಕಿಕೊಂಡು ಮಕ್ಕಳು ಓಡೋಡಿ ಬರುತ್ತಿದ್ದರು. ನನ್ನ ಸೇವೆಯಲ್ಲಿ ಅಷ್ಟು ಆಸೆಯಿಂದ ಮಕ್ಕಳು ಕಲಿತದ್ದನ್ನು ನಾನು ಕಂಡಿಲ್ಲ. ಗಂಟೆ ಇಲ್ಲ, ಬೋರ್ಡು ಇಲ್ಲ, ದಾರಿಯಲ್ಲಿ ಹೋಗುವ ಅಜ್ಜ ನಿಂತು ತನಗೆ ಗೊತ್ತಿದ್ದ ಒಗಟು ಹೇಳಿ ಹೋಗುತ್ತಿದ್ದ. ಲಾಕ್‌ಡೌನಿನಿಂದ ಶಾಲೆಗೆ ಏನಾದರೂ ಒಳ್ಳೆಯದು ಆಗಿದ್ದರೆ ಆ ಎರಡು ತಿಂಗಳು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು.

ಒಬ್ಬ ಹುಡುಗಿಯ ವಿಷಯ ಹೇಳದೆ ಇರಲಾರೆ. ನಮ್ಮಲ್ಲಿ ಏಳನೇ ತರಗತಿ ಮುಗಿಸಿ ಪಕ್ಕದೂರಿನ ಹೈಸ್ಕೂಲಿಗೆ ಹೋಗುತ್ತಿದ್ದವಳು. ಲೆಕ್ಕದಲ್ಲಿ ಬಲು ಚುರುಕು. ಹೈಸ್ಕೂಲು ಬಾಗಿಲು ಮುಚ್ಚಿತ್ತು, ಹುಡುಗಿ ಮನೆಯಲ್ಲೇ. ಯಾರಿಗೂ ತಿಳಿಯದಂತೆ ಮದುವೆ ಮಾಡಿಬಿಟ್ಟರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಅವಳು ಗಂಡನ ಊರಿನಲ್ಲಿದ್ದಳು. ಅವರ ಮನೆಗೆ ಹೋಗಿ ಕೇಳಿದೆ. ಅವಳ ದೊಡ್ಡಪ್ಪ ಬಾಗಿಲಲ್ಲೇ ನಿಂತು ಹೇಳಿದರು: "50 ಮಂದಿಗಿಂತ ಹೆಚ್ಚಿಗಿ ಕರಿಬ್ಯಾಡ್ರಿ ಅಂತ ಸರ್ಕಾರನ ಹೇಳೈತ್ರಿ. ಊಟದ ಖರ್ಚು ಉಳೀತು. ಹೆಂಗೂ ಸಾಲಿ ಇಲ್ಲ." ಶಾಲೆ ನಡೆಯುತ್ತಿದ್ದರೆ ಒಂದು ದಿನ ಬರದಿದ್ದರೂ ಹಾಜರಿ ಕರೆಯುವಾಗ ಗೊತ್ತಾಗುತ್ತಿತ್ತು, ಯಾರಾದರೂ ಮನೆಗೆ ಹೋಗಿ ವಿಚಾರಿಸುತ್ತಿದ್ದರು. ಬಡವರ ಮನೆಯ ಹೆಣ್ಣುಮಕ್ಕಳಿಗೆ ಶಾಲೆ ಅನ್ನುವುದು ಪಾಠಕ್ಕಿಂತ ಮೊದಲು ಒಂದು ಕಾವಲು. ಆ ಕಾವಲನ್ನು ಅಷ್ಟು ದೀರ್ಘ ಕಾಲ ತೆಗೆದದ್ದು ತಪ್ಪು ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಮದ್ಯದಂಗಡಿ 2020ರ ಮೇ 4ಕ್ಕೇ ತೆರೆದವು. ಒಂದರಿಂದ ಐದನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ.

ರೋಗದ ಭಯ ಸುಳ್ಳಾಗಿತ್ತು ಅಂತ ಯಾರೂ ತಿಳಿಯಬೇಡಿ. ಎರಡನೇ ಅಲೆಯಲ್ಲಿ ಬೆಡ್ಡಿಗಾಗಿ, ಆಮ್ಲಜನಕಕ್ಕಾಗಿ ಜನ ಪರದಾಡಿದ್ದು, ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಸತ್ತ ಆ ರಾತ್ರಿ, ಯಾವುದನ್ನೂ ಮರೆತಿಲ್ಲ. ಬೆಳಗಾದರೆ ವಾಟ್ಸಾಪ್ ತೆರೆಯಲು ಹೆದರಿಕೆ, ಯಾವ ಗುಂಪಿನಲ್ಲಿ ಯಾವ ಸಹೋದ್ಯೋಗಿಯ ಫೋಟೊಕ್ಕೆ ಹಾರ ಹಾಕಿರುತ್ತಾರೋ ಎಂದು. ಆಗ ಮನೆಯಲ್ಲಿರಿ ಎಂದದ್ದು ಸರಿಯೇ. ನನ್ನ ತಕರಾರು ಇರುವುದು ತೆರೆಯುವ ಸಾಲಿನಲ್ಲಿ ಮಕ್ಕಳನ್ನು ಕಟ್ಟಕಡೆಗೆ ನಿಲ್ಲಿಸಿದ್ದಕ್ಕೆ.

ಅಕ್ಟೋಬರ್ 25ರಂದು ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆವು. ಎರಡನೇ ತರಗತಿಯ ಮಕ್ಕಳು ಬಂದರು, ಒಂದನೇ ತರಗತಿಯನ್ನೇ ಕಾಣದೆ ಬಂದವರು. ಅವ್ವನ ಸೀರೆ ಬಿಡದೆ ಅಂಗನವಾಡಿ ಕೂಸುಗಳ ಹಾಗೆ ಅತ್ತವು. ನಾನು ಮಾಸ್ಕು ಹಾಕಿಕೊಂಡು ಪ, ಬ, ಮ ಹೇಳಿಕೊಡುತ್ತಿದ್ದೆ, ಅವರು ಯಾವುದನ್ನೂ ಹಿಡಿಯುತ್ತಿರಲಿಲ್ಲ. ಆಮೇಲೆ ಹೊಳೆಯಿತು, ಆ ಅಕ್ಷರಗಳನ್ನು ಮಕ್ಕಳು ಕಲಿಯುವುದು ಅರ್ಧ ಕಿವಿಯಿಂದ, ಇನ್ನರ್ಧ ನಮ್ಮ ತುಟಿ ನೋಡಿ. ಮಕ್ಕಳನ್ನು ಒಳಗೆ ಕೂರಿಸಿ, ನಾನು ಅಂಗಳದಲ್ಲಿ ದೂರ ನಿಂತು ಮಾಸ್ಕು ಇಳಿಸಿ ತುಟಿ ಮುಚ್ಚಿ ಬಿಚ್ಚಿ ತೋರಿಸತೊಡಗಿದೆ. ಅವರೂ ಮಾಡತೊಡಗಿದರು.

2022-23ನ್ನು ಕಲಿಕಾ ಚೇತರಿಕೆ ವರ್ಷ ಅಂತ ಮಾಡಿದರು. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರುಮಾಡಿ ಎಂದರು, ಕಲಿಕಾ ಹಾಳೆ ಕೊಟ್ಟರು. ಒಳ್ಳೆಯ ಯೋಚನೆ, ನಾನು ಮನಸಾರೆ ಒಪ್ಪಿದ್ದೆ. ಒಂದೇ ವರ್ಷ. ಮುಂದಿನ ವರ್ಷ ಎಲ್ಲವೂ ಸರಿಹೋಯಿತು ಎಂಬಂತೆ ಪಠ್ಯಪುಸ್ತಕ, ಪರೀಕ್ಷೆ, ಗ್ರೇಡು. ಆ ಮಕ್ಕಳು ಈಗ ಆರನೇ ತರಗತಿ. ಮನೆಯಲ್ಲಿ ಅಕ್ಕನೋ ಅಣ್ಣನೋ ಹೇಳಿಕೊಟ್ಟವರು ಸರಾಗವಾಗಿ ಓದುತ್ತಾರೆ. ಉಳಿದವರು ಇಂದಿಗೂ ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾರೆ. "ವಿಜ್ಞಾನ" ಎಂಬಲ್ಲಿ ಬೆರಳಿಟ್ಟು ನನ್ನ ಮುಖ ನೋಡುತ್ತಾರೆ. ದಡ್ಡರಲ್ಲ. ಕಲಿಯುವ ವಯಸ್ಸಿನಲ್ಲಿ ಅವರಿಗೆ ಯಾರೂ ಸಿಗಲಿಲ್ಲ, ಅಷ್ಟೆ.

ಮನೆಯಲ್ಲಿಯೂ ಎಲ್ಲವೂ ಹಿಂದಿನ ಹಳಿಗೆ ಬಂದಿದೆ. ನಮ್ಮ ಮನೆಯವರ ತಿರುಗಾಟ ಮೊದಲಿನಷ್ಟೇ ಇದೆ, ಅದರ ಮೇಲೆ ಭಾನುವಾರ ಸಂಜೆ ಫೋನಿನಲ್ಲಿ ಮೀಟಿಂಗು. ಅದು ಲಾಕ್‌ಡೌನಿನಲ್ಲಿ ಹುಟ್ಟಿದ ಚಾಳಿ. ನನಗೂ ರಾತ್ರಿ ಊಟದ ಹೊತ್ತಿಗೆ ಮಾಹಿತಿ ಕೇಳುವ ಮೆಸೇಜು ಬರುತ್ತವೆ, ಅದೂ ಆಗ ಹುಟ್ಟಿದ್ದೇ. ನನಗೆ ಬೇಸರವಾಗುವುದು ಇಲ್ಲಿಯೇ. ಆ ಕಾಲದಿಂದ ನಾವು ಉಳಿಸಿಕೊಂಡದ್ದು ಮನೆಯೊಳಗೂ ಬೆನ್ನು ಬಿಡದ ಕೆಲಸವನ್ನು. ಬಿಟ್ಟುಕೊಟ್ಟದ್ದು ಒಟ್ಟಿಗೆ ಉಣ್ಣುವುದನ್ನು, ಗುಡಿಯ ಕಟ್ಟೆಯ ಪಾಠವನ್ನು, ಊರಿನವರು ಶಾಲೆಯ ಮಕ್ಕಳ ಹತ್ತಿರ ನಿಂತು ಒಂದು ಮಾತಾಡಿ ಹೋಗುವುದನ್ನು. ಇವುಗಳಲ್ಲಿ ಯಾವುದಕ್ಕೂ ರೋಗ ಬೇಕಿರಲಿಲ್ಲ, ಬೀಗ ಬೇಕಿರಲಿಲ್ಲ.

ಈ ವರ್ಷ ನಾನು ಆರನೇ ತರಗತಿಯವರನ್ನು ಪ್ರಾರ್ಥನೆಗೆ ಅರ್ಧ ಗಂಟೆ ಮುಂಚೆ ಕರೆಸಿ, ಮತ್ತೆ ಅದೇ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಓದಿಸುತ್ತಿದ್ದೇನೆ. ಪಠ್ಯಪುಸ್ತಕ ಅಲ್ಲ, ಶಾಲೆಯ ಗ್ರಂಥಾಲಯದ ಕಥೆಪುಸ್ತಕಗಳು. ಊರಿನಲ್ಲಿ ಪಿಯುಸಿ ಮುಗಿಸಿದ ಇಬ್ಬರು ಹೆಣ್ಣುಮಕ್ಕಳು ತಾವಾಗಿಯೇ ಬಂದು ಕೂರುತ್ತಾರೆ. ನಿಧಾನಕ್ಕೆ ಫಲ ಕಾಣುತ್ತಿದೆ. ನಿಮ್ಮ ಊರಿನ ಸರ್ಕಾರಿ ಶಾಲೆಯಲ್ಲೂ ಈ ಮಕ್ಕಳಿದ್ದಾರೆ. ಬೇಸಿಗೆ ರಜೆಗೆ ಊರಿಗೆ ಹೋಗುವವರಿದ್ದರೆ ನಿಮ್ಮ ಮಕ್ಕಳ ಹಳೆಯ ಕಥೆಪುಸ್ತಕ ಕೊಂಡೊಯ್ಯಿರಿ, ಆರನೇ ತರಗತಿ ಮುಗಿಸಿದ ನಾಲ್ಕು ಮಕ್ಕಳನ್ನು ಜಗಲಿಗೆ ಕರೆದು ಗಟ್ಟಿಯಾಗಿ ಓದಿಸಿ. ಎಲ್ಲಿ ನಿಲ್ಲುತ್ತಾರೆ ನೋಡಿ, ಅಲ್ಲಿ ಅವರ ಪಕ್ಕ ಕೂತು ಹೇಳಿಕೊಡಿ. ಶಿಕ್ಷಕ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ತಂಡದ ಮಕ್ಕಳಿಗೆ ಒತ್ತಕ್ಷರ ಹಿಡಿಸಲು ನೀವು ಏನು ಮಾಡಿದಿರಿ ಅಂತ ಕೆಳಗೆ ಬರೆಯಿರಿ. ಜೂನಿನಲ್ಲಿ ಅವರು ಏಳನೇ ತರಗತಿಗೆ ಬರುತ್ತಾರೆ, ನನ್ನ ಹತ್ತಿರ ಇನ್ನೊಂದೇ ವರ್ಷ ಇದೆ.