ಪಾಠ ಹಂಚಿಕೆಗೆ ಎರಡು ಗತಿ ಬೇಕು

ಓದು ಕಲಿಯಲು ಕಷ್ಟಪಡುವ ಮಕ್ಕಳಿಗೆ ‘ಸ್ವಲ್ಪ ನಿಧಾನವಾಗಿ ಕಲಿಸಿ’ ಎಂಬ ಸಲಹೆ ನಮ್ಮ ಮಂಡ್ಯದ ಕಡೆಯ ಶಿಕ್ಷಕರ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ವಿಶೇಷ ಅಗತ್ಯವಿರುವ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕಿಯಾದ ನನಗೆ ಈ ಸಲಹೆಯ ಬಗ್ಗೆ ತಕರಾರಿದೆ. ಯಾವುದನ್ನು ನಿಧಾನ ಮಾಡಬೇಕು, ಯಾವುದನ್ನು ಮಾಡಬಾರದು ಎಂದು ಗೊತ್ತುಪಡಿಸಿಕೊಳ್ಳದೆ ಇಡೀ ವರ್ಷದ ಪಾಠ ಹಂಚಿಕೆಯನ್ನೇ ಎಳೆದು ಉದ್ದ ಮಾಡಿದರೆ, ನಾಲ್ಕನೇ ತರಗತಿಯ ಮಗುವಿನ ಕೈಯಲ್ಲಿ ಒಂದನೇ ತರಗತಿಯ ಪುಸ್ತಕವೇ ಉಳಿದುಬಿಡುತ್ತದೆ.

ನಿಧಾನ ಬೇಕಾದದ್ದು ಅಕ್ಷರದ ಕೆಲಸಕ್ಕೆ. ಕನ್ನಡದಲ್ಲಿ ಮೂಲಾಕ್ಷರಗಳನ್ನು ಕಲಿತರೆ ಮುಗಿಯಲಿಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಡಿಸ್ಲೆಕ್ಸಿಯಾ (ಬುದ್ಧಿ ಚುರುಕಿದ್ದರೂ ಅಕ್ಷರ ಗುರುತಿಸಿ ಓದುವುದು ಕಷ್ಟವಾಗುವ ತೊಂದರೆ) ಇರುವ ಹುಡುಗಿಯೊಬ್ಬಳು ‘ವರ್ಷ’ವನ್ನು ‘ವಷರ’ ಎಂದು ಓದುತ್ತಿದ್ದಳು. ಅರ್ಕಾವೊತ್ತನ್ನು, ಅಂದರೆ ಇಲ್ಲಿನ ‘ರ್’ ಚಿಹ್ನೆಯನ್ನು, ಬರೆಯುವುದು ಷಕಾರದ ನಂತರ, ಉಚ್ಚರಿಸುವುದು ಅದಕ್ಕಿಂತ ಮೊದಲು. ಎಡದಿಂದ ಬಲಕ್ಕೆ ಓದಬೇಕೆಂದು ನಾವೇ ಹೇಳಿಕೊಟ್ಟದ್ದನ್ನು ಆಕೆ ಚಾಚೂ ತಪ್ಪದೆ ಪಾಲಿಸುತ್ತಿದ್ದಳು, ಅಷ್ಟೇ. ಇಂಥ ಮಗು ಹೇಳಿಕೊಟ್ಟ ದಿನ ಸರಿಯಾಗಿ ಓದಿತೆಂದ ಮಾತ್ರಕ್ಕೆ ಕಲಿಕೆ ಆಯಿತೆನ್ನಲಾಗದು. ಮರುದಿನ, ಮುಂದಿನ ವಾರ, ದಸರಾ ರಜೆ ಮುಗಿಸಿ ಬಂದ ಮೇಲೂ ತಡವರಿಸದೆ ಓದಿದರೆ ಮಾತ್ರ ಮುಂದಿನ ಒತ್ತಕ್ಷರಕ್ಕೆ ಹೋಗಬೇಕು.

ಅದೇ ಹುಡುಗಿಗೆ ನೀರಾವರಿಯ ಬಗ್ಗೆ ಒಂದು ಗದ್ಯವನ್ನು ಓದಿ ಹೇಳಿದಾಗ, ನಾಲೆಯ ಕೊನೆಯ ಗದ್ದೆಗಳಿಗೆ ನೀರು ಯಾಕೆ ತಡವಾಗಿ ತಲುಪುತ್ತದೆ ಎಂಬುದನ್ನು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ವಿವರಿಸಿದಳು. (ವಿಶ್ವೇಶ್ವರಯ್ಯ ನಾಲೆಯ ಬಯಲಿನ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.) ಆದ್ದರಿಂದ ಕೇಳಿ ಅರ್ಥಮಾಡಿಕೊಳ್ಳುವ ಪಾಠವು ಉಳಿದ ಮಕ್ಕಳ ಜೊತೆಯಲ್ಲೇ ಸಾಗಬೇಕು. ಅದನ್ನೂ ತಡೆಹಿಡಿದರೆ ಪದಸಂಪತ್ತು ಬೆಳೆಯದೆ, ಮುಂದೆ ಅಕ್ಷರ ಕೈಹಿಡಿದರೂ ಓದಿದ್ದು ಅರ್ಥವಾಗುವುದಿಲ್ಲ. ಶ್ರವಣದೋಷವಿರುವ ಮಕ್ಕಳಲ್ಲಿ ಈ ಲೆಕ್ಕ ತಿರುಗುಮುರುಗಾಗುವುದೂ ಉಂಟು. ಅವರಲ್ಲಿ ಕೆಲವರಿಗೆ ಅಕ್ಷರ ಬೇಗ ಒಲಿಯುತ್ತದೆ, ಸಮಯ ಬೇಕಾಗುವುದು ಪದಕ್ಕೆ ಮತ್ತು ವಾಕ್ಯಕ್ಕೆ.

ಪ್ರತಿ ಮಗುವೂ ತನ್ನದೇ ಗತಿಯಲ್ಲಿ ಮುಂದೆ ಸಾಗಬಹುದೆಂಬ ವಿಚಾರ ನಮಗೆ ಹೊಸದೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಕಲಿಕಾ ಏಣಿ (ಮಗು ಒಂದೊಂದಾಗಿ ಹತ್ತುವ ಕಲಿಕೆಯ ಮೆಟ್ಟಿಲುಗಳ ಪಟ್ಟಿ), ಮೈಲಿಗಲ್ಲುಗಳೆಲ್ಲ ಇದೇ ನಂಬಿಕೆಯ ಮೇಲೆ ನಿಂತಿವೆ. ಆದರೆ ಮೂರನೇ ತರಗತಿ ದಾಟಿದೊಡನೆ ಏಣಿ ಹೋಗಿ, ಎಲ್ಲರಿಗೂ ಒಂದೇ ಪುಸ್ತಕ, ಒಂದೇ ತಿಂಗಳ ಗುರಿ ಬರುತ್ತದೆ. ಏಣಿಯ ಅಗತ್ಯ ಹೆಚ್ಚಾಗಿರುವ ಮಕ್ಕಳ ಕಷ್ಟ ಎದ್ದು ಕಾಣುವುದು ಆಗಲೇ.

ಹಾಗಾಗಿ ಇಂಥ ಪ್ರತಿ ಮಗುವಿಗೂ ಪ್ರತ್ಯೇಕವಾಗಿ ಬರೆಯುವ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ಅಕ್ಷರದ ಗತಿ, ಅರ್ಥದ ಗತಿ ಎಂದು ಎರಡು ಅಂಕಣಗಳನ್ನು ಬೇರೆಬೇರೆಯಾಗಿ ಬರೆಯಬೇಕೆಂದು ನಾನು ಒತ್ತಾಯಿಸುತ್ತೇನೆ. ಪರೀಕ್ಷೆಯೂ ಅದಕ್ಕೆ ತಕ್ಕಂತಿರಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ಸೂಕ್ತ ಮಾರ್ಪಾಡು, ಹೆಚ್ಚುವರಿ ಸಮಯ, ಲಿಪಿಕಾರರ (ಮಗು ಹೇಳಿದ ಉತ್ತರವನ್ನು ಬರೆದುಕೊಡುವವರ) ನೆರವುಗಳ ಬಗ್ಗೆ ಸ್ಪಷ್ಟವಾಗಿಯೇ ಹೇಳುತ್ತದೆ. ಈ ನೆರವನ್ನು ಎಸ್‌ಎಸ್‌ಎಲ್‌ಸಿಗೆ ಮೀಸಲಿಡದೆ, ಪ್ರಶ್ನೆಯನ್ನು ಓದಿ ಹೇಳಿ ಉತ್ತರವನ್ನು ಬಾಯಲ್ಲಿ ಕೇಳುವ ಕ್ರಮವನ್ನು ನಾಲ್ಕನೇ ತರಗತಿಯ ಕಿರುಪರೀಕ್ಷೆಯಿಂದಲೇ ಶುರುಮಾಡಲು ಶಾಲೆಗಳಿಗೆ ಯಾವ ಅಡ್ಡಿಯೂ ಇಲ್ಲ.